ಉಳಿದ ಅನ್ನ ಚೆನ್ನಾಗಿ ಬಿಸಿ ಮಾಡಿದರೂ ಮಗನಿಗೆ ವಾಂತಿ ಆಯ್ತು, ಯಾಕೆ?

ಡೊಂಬಿವಲಿ ಅಮ್ಮ:
ಎಲ್ಲರಿಗೂ ನಮಸ್ಕಾರ. ಗುರುವಾರ ರಾತ್ರಿ ಒಂಬತ್ತಕ್ಕೆ ಅನ್ನ ಮಾಡಿದ್ದೆ. ಯಜಮಾನರು ಹೊರಗೆ ಊಟ ಮಾಡಿ ಬಂದರು, ಅರ್ಧ ಹಾಗೇ ಉಳಿಯಿತು. ಕುಕ್ಕರಿನಲ್ಲೇ ಮುಚ್ಚಿಟ್ಟು ಮಲಗಿದೆ. ಬೆಳಿಗ್ಗೆ ಮೂಸಿ ನೋಡಿದೆ, ಹಳಸಿದ ವಾಸನೆ ಇರಲಿಲ್ಲ. ಒಗ್ಗರಣೆ ಹಾಕಿ, ಹಬೆ ಏಳುವ ತನಕ ಬಿಸಿ ಮಾಡಿ, ನಿಂಬೆಹಣ್ಣು ಹಿಂಡಿ ಚಿತ್ರಾನ್ನ ಮಾಡಿದೆ. ಮಗ ಏಳು ಗಂಟೆಗೆ ತಿಂದು ಹೋದ. ಒಂಬತ್ತೂವರೆಗೆ ಶಾಲೆಯಿಂದ ಫೋನ್. ಮೂರು ಸಲ ವಾಂತಿ. ನಾನು ಥಾಣೆ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಇಳಿದು ವಾಪಸ್ ಓಡಿದೆ. ಈಗ ಹುಷಾರಾಗಿದ್ದಾನೆ. ಆದರೆ ಅಷ್ಟು ಬಿಸಿ ಮಾಡಿದ್ದೆ, ಅಲ್ವಾ? ಮಲೆನಾಡಿನ ಸಾಗರದಲ್ಲಿ ನಮ್ಮಜ್ಜಿ ತಂಗಳನ್ನಕ್ಕೆ ಮಜ್ಜಿಗೆ ಹಾಕಿ ದಿನಾ ಕೊಡುತ್ತಿದ್ದರು, ನಮಗೆ ಏನೂ ಆಗುತ್ತಿರಲಿಲ್ಲ.

ಮುಲುಂಡ್ ನರ್ಸ್:
ಮಗುವನ್ನು ನೋಡದೆ ಇದೇ ಅಂತ ಹೇಳಲಾರೆ ತಂಗಿ. ಆದರೆ ತಿಂದ ಎರಡೂವರೆ ಗಂಟೆಗೆ ವಾಂತಿ ಅಂದರೆ ನನಗೆ ಅನ್ನದ ಮೇಲೇ ಅನುಮಾನ. ಬ್ಯಾಸಿಲಸ್ ಸೀರಿಯಸ್ ಅಂತ ಒಂದು ಬ್ಯಾಕ್ಟೀರಿಯಾ. ಅದರ ಬೀಜಕಣ, ಅಂದರೆ ಗಟ್ಟಿ ಕವಚದ ನಿದ್ದೆಯ ರೂಪ, ಅಕ್ಕಿಯಲ್ಲೇ ಇರಬಹುದು, ಕುಕ್ಕರಿನಲ್ಲಿ ಬೆಂದರೂ ಉಳಿಯಬಹುದು. ರಾತ್ರಿಯೆಲ್ಲ ಅನ್ನ ಬೆಚ್ಚಗಿದ್ದರೆ ಮೊಳೆತು ಬೆಳೆದು ವಿಷ ಬಿಡುತ್ತದೆ. ಬೆಳಿಗ್ಗೆ ಬಿಸಿ ಮಾಡಿದರೆ ಬ್ಯಾಕ್ಟೀರಿಯಾ ಸಾಯುತ್ತೆ, ವಿಷ ಹೋಗಲ್ಲ. ವಾಸನೆಯಿಂದಲೂ ಗೊತ್ತಾಗಲ್ಲ. ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಶುರು. ಇನ್ನೊಮ್ಮೆ ಆದರೆ ಓಆರ್‌ಎಸ್ (ಉಪ್ಪು-ಸಕ್ಕರೆಯ ಪುಡಿ ಕಲಸಿದ ನೀರು) ಗುಟುಕು ಗುಟುಕಾಗಿ ಕುಡಿಸಿ. ಮಗು ಮಂಕಾದರೆ, ಮೂತ್ರ ಕಡಿಮೆಯಾದರೆ ಕಾಯಬೇಡಿ, ಡಾಕ್ಟರ್ ಹತ್ತಿರ ಹೋಗಿ.
ಅಜ್ಜಿಯ ಕಾಲದ ಮಲೆನಾಡಿನ ರಾತ್ರಿಯೇ ಬೇರೆ, ಇಲ್ಲಿ ಮುಂಬೈಯ ಸೆಕೆಯೇ ಬೇರೆ. ಮಕ್ಕಳಿಗೆ ಹೊರಗಿಟ್ಟ ಅನ್ನ ಬೇಡ.

ಮಾಟುಂಗಾ ಅಡುಗೆಯವ:
ಅಕ್ಕ, ಇಪ್ಪತ್ತೆರಡು ವರ್ಷದಿಂದ ಮದುವೆ ಅಡುಗೆ ಮಾಡುತ್ತಿದ್ದೇನೆ. ದೊಡ್ಡ ಹಂಡೆಯ ಅನ್ನ ಮೇಲೆ ಆರಿದ ಹಾಗೆ ಕಾಣುತ್ತೆ. ನಾಲ್ಕು ಗಂಟೆ ಬಿಟ್ಟು ನಡುವೆ ಸೌಟು ಚುಚ್ಚಿದರೆ ಒಳಗಿನ ಅನ್ನ ಇನ್ನೂ ಬೆಚ್ಚಗೆ, ಅಂಟಂಟು. ಕೆಡೋದು ಅಲ್ಲಿಂದಲೇ. ಅದಕ್ಕೆ ಕುಕ್ಕರಿನಲ್ಲಿ ಬಿಡಲೇಬೇಡಿ. ಪರಾತದಲ್ಲಿ, ಅಂದರೆ ಅಗಲವಾದ ದೊಡ್ಡ ತಟ್ಟೆಯಲ್ಲಿ, ಎರಡು ಬೆರಳು ದಪ್ಪಕ್ಕೆ ಹರಡಿ ಫ್ಯಾನ್ ಕೆಳಗಿಡಿ. ಸಾಂಬಾರಿನ ಪಾತ್ರೆ ತಣ್ಣೀರಿನ ಟಬ್‌ನಲ್ಲಿಟ್ಟು ಆಗಾಗ ಕೈಯಾಡಿಸಿ. ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು, 32 ಡಿಗ್ರಿ ಮೇಲೆ ಸೆಕೆ ಇದ್ದರೆ ಒಂದೇ ಗಂಟೆ.
ಅನ್ನ ಮರುದಿನವೇ ಮುಗಿಸಿ. ಸಾಂಬಾರ್, ಪಲ್ಯ ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತೆ. ತಿನ್ನುವಷ್ಟು ಮಾತ್ರ ತೆಗೆದು ಒಮ್ಮೆ ಬಿಸಿ ಮಾಡಿ. ಸಾಂಬಾರ್ ಕೊತಕೊತ ಕುದಿಯಲಿ. ಮೈಕ್ರೋವೇವ್ ಆದರೆ ನಡುವೆ ಒಮ್ಮೆ ಕಲಕಿ, ಅಲ್ಲಲ್ಲಿ ತಣ್ಣಗೇ ಉಳಿಯುತ್ತೆ.

ಡೊಂಬಿವಲಿ ಅಮ್ಮ:
ಬಿಸಿ ಇಟ್ಟರೆ ಫ್ರಿಜ್ ಹಾಳಾಗುತ್ತೆ ಅಂತ ಅತ್ತೆ ಅನ್ನುತ್ತಾರಲ್ಲ?

ಮಾಟುಂಗಾ ಅಡುಗೆಯವ:
ಕುದಿಯುವ ಪಾತ್ರೆ ಹಾಗೇ ಇಡಬೇಡಿ, ಪಕ್ಕದ ಹಾಲು ಮೊಸರಿಗೂ ಬಿಸಿ ತಗಲುತ್ತೆ. ಹಬೆ ಅಡಗಿ ಬೆಚ್ಚಗಿದ್ದರೆ ಚಿಕ್ಕ ಡಬ್ಬದಲ್ಲಿ ಹಾಕಿ ಇಡಿ, ಏನೂ ಆಗಲ್ಲ.

ಡೊಂಬಿವಲಿ ಅಮ್ಮ:
ತುಂಬಾ ಥ್ಯಾಂಕ್ಸ್ ಅಣ್ಣ, ಅಕ್ಕ. ನಿನ್ನೆ ಅತ್ತೆಯೇ ಪರಾತ ತೆಗೆದುಕೊಟ್ಟರು. ದೋಸೆ ಹಿಟ್ಟಿನ ಪಾತ್ರೆ ಕೆಳಗಿಳಿಸಿ ಅನ್ನದ ಡಬ್ಬಕ್ಕೆ ಜಾಗ ಮಾಡಿದೆವು. ಮಗ ಬೆಳಿಗ್ಗೆ ಮತ್ತೆ ಚಿತ್ರಾನ್ನವೇ ಬೇಕು ಅಂದ. ಅವನಿಗೆ ಬಿಸಿ ಅನ್ನ ಬೇರೆ ಮಾಡಿದೆ.