ಸಹಾಯ ಬೇಕು: ಮಲಾವಿಯ ಮೆಕ್ಕೆಜೋಳ ಮತ್ತು ಹವಾಮಾನ ಬದಲಾವಣೆ

ಮಾನ್ಯ ಸದಸ್ಯರಿಗೆ ನಮಸ್ಕಾರ.

ಪದವಿ ವಿದ್ಯಾರ್ಥಿಗಳಿಗಾಗಿ ಹವಾಮಾನ ಬದಲಾವಣೆ ಮತ್ತು ಆಹಾರ ಭದ್ರತೆಯ ಕುರಿತು ಪಾಠವೊಂದನ್ನು ಸಿದ್ಧಪಡಿಸುತ್ತಿದ್ದು, ಉದಾಹರಣೆಗೆ ಆಫ್ರಿಕಾದ ಮಲಾವಿಯನ್ನು ಆರಿಸಿಕೊಂಡಿದ್ದೇನೆ. ಅಲ್ಲಿನವರ ನಿತ್ಯದ ಊಟ ಮೆಕ್ಕೆಜೋಳದ ಹಿಟ್ಟಿನ ‘ನ್ಸಿಮಾ’ (ನಮ್ಮ ಮುದ್ದೆಯ ದೂರದ ನೆಂಟನೆನ್ನಬಹುದು). ಆದರೆ ಅದನ್ನು ಬೆಳೆಯುವ ಸಣ್ಣ ರೈತರಲ್ಲಿ ಹೆಚ್ಚಿನವರಿಗೆ ನೀರಾವರಿಯಿಲ್ಲದ ಕಾರಣ, ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಒಂದೇ ಮಳೆಗಾಲವನ್ನು ನೆಚ್ಚಿಕೊಂಡಿದ್ದಾರೆ. 2023ರ ಮಾರ್ಚ್‌ನಲ್ಲಿ, ಕೊಯ್ಲು ಹತ್ತಿರವಾದಾಗ, ಫ್ರೆಡ್ಡಿ ಚಂಡಮಾರುತವು ದಕ್ಷಿಣ ಭಾಗದ ಹೊಲಗಳನ್ನು ಮಣ್ಣಿನ ಸಮೇತ ಕೊಚ್ಚಿಕೊಂಡು ಹೋಯಿತು. ಮರುವರ್ಷವೇ ಎಲ್ ನಿನೊ (ಕೆಲವು ವರ್ಷಗಳಿಗೊಮ್ಮೆ ಪೆಸಿಫಿಕ್ ಸಾಗರದ ಮೇಲ್ಮೈ ನೀರು ಬಿಸಿಯಾಗಿ ಮಳೆಯ ಕ್ರಮ ಏರುಪೇರಾಗುವುದು) ಪ್ರಭಾವದಿಂದ ಮಳೆ ಕೈಕೊಟ್ಟು, 28 ಜಿಲ್ಲೆಗಳ ಪೈಕಿ 23ರಲ್ಲಿ ವಿಪತ್ತು ಸ್ಥಿತಿಯನ್ನು ಘೋಷಿಸಬೇಕಾಯಿತು.

ಎಲ್ ನಿನೊ ನಿಸರ್ಗಸಹಜ ವಿದ್ಯಮಾನ. ಅದನ್ನೇ ಹವಾಮಾನ ಬದಲಾವಣೆಯೆಂದು ವಿದ್ಯಾರ್ಥಿಗಳು ಭಾವಿಸಬಾರದು. ಭೂಮಿ ಬಿಸಿಯಾದಂತೆ ಬರದಲ್ಲಿ ಮಣ್ಣಿನ ತೇವ ಬೇಗನೆ ಆರುತ್ತದೆ, ಚಂಡಮಾರುತ ಹೆಚ್ಚು ಮಳೆ ಸುರಿಸುತ್ತದೆ ಎಂಬ ಸೂಕ್ಷ್ಮವನ್ನು ಸರಳವಾಗಿ ಹೇಳುವುದೇ ನನಗೆ ಕಷ್ಟವಾಗಿದೆ.

ಆದ್ದರಿಂದ ದಾವಣಗೆರೆ, ಹಾವೇರಿ ಕಡೆಯ ಮೆಕ್ಕೆಜೋಳದ ಬೆಳೆಗಾರರು, ಸೂಲಂಗಿ ಒಡೆಯುವ ಹೊತ್ತಿನಲ್ಲಿ ಮಳೆಯಿಲ್ಲದೆ ಕಾಳು ಕಟ್ಟದ ತೆನೆಗಳ ಚಿತ್ರಗಳಿದ್ದರೆ ದಯವಿಟ್ಟು ಹಂಚಿಕೊಳ್ಳಿ. ಮಲಾವಿಯಲ್ಲಿ ಕೆಲಸ ಮಾಡಿದ ಕನ್ನಡಿಗರು, ಹಳೆಯ ಫಸಲು ಮುಗಿದು ಹೊಸದು ಇನ್ನೂ ಬಾರದ ಜನವರಿ, ಫೆಬ್ರವರಿಯ ಹಸಿವಿನ ತಿಂಗಳುಗಳಲ್ಲಿ ಹಳ್ಳಿಯ ಮನೆಗಳು ಹೇಗೆ ದಿನ ದೂಡುತ್ತವೆ ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ. ಮಲಾವಿಯಿಂದ ಭಾರತಕ್ಕೆ ತೊಗರಿಯೂ ಬರುತ್ತದೆಯಾದ್ದರಿಂದ, ಕಲಬುರಗಿಯ ತೊಗರಿ ವರ್ತಕರ ಅನುಭವಕ್ಕೂ ಸ್ವಾಗತ. ಪಾಠ ಮುಂದಿನ ಸೋಮವಾರವಿದೆ.