‘ಚೆರ್ನೋಬಿಲ್’ ಮೊದಲ ಕಂತು: ಕೊನೆಯನ್ನು ಮೊದಲೇ ಹೇಳಿದ್ದು ಸರಿಯೇ?

ಹೊಸನೋಟ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಎಚ್‌ಬಿಒ ಮತ್ತು ಸ್ಕೈ ಸೇರಿ ನಿರ್ಮಿಸಿರುವ, 2019ರ ಮೇ 6ರಂದು ಪ್ರಸಾರ ಆರಂಭಿಸಿದ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣುವಿದ್ಯುತ್ ಸ್ಥಾವರದ ಸ್ಫೋಟವನ್ನು ಕುರಿತ ಐದು ಕಂತುಗಳ ‘ಚೆರ್ನೋಬಿಲ್’ ಧಾರಾವಾಹಿಯ ಮೊದಲ ಕಂತನ್ನು ನೋಡಿ ಮುಗಿಸಿದೆ. ನಟನೆ, ಬೆಳಕು, ಸಂಗೀತ ಎಲ್ಲವೂ ಬಹಳ ಹಿಡಿಸಿದವು. ಆದರೆ ಎರಡು ಸಂದೇಹಗಳು ಉಳಿದಿವೆ.

ಕಥೆ ಆರಂಭವಾಗುವುದೇ ವಿಜ್ಞಾನಿ ವ್ಯಾಲೆರಿ ಲೆಗಾಸೋವ್ ಅವರ ಕೊನೆಯ ರಾತ್ರಿಯಿಂದ. ಅವರು ತಮ್ಮ ಮಾತುಗಳನ್ನು ಕ್ಯಾಸೆಟ್‌ಗಳಲ್ಲಿ ಧ್ವನಿಮುದ್ರಿಸಿ, ಅವನ್ನು ಮನೆಯ ಹೊರಗೆ ಬಚ್ಚಿಟ್ಟು, ಬೆಕ್ಕಿಗೆ ಆಹಾರ ಹಾಕಿಟ್ಟು, ತಮ್ಮ ಜೀವವನ್ನು ತಾವೇ ಕಳೆದುಕೊಳ್ಳುತ್ತಾರೆ. ಆಮೇಲಷ್ಟೇ ಕಥೆ ಎರಡು ವರ್ಷ ಹಿಂದಕ್ಕೆ ಸರಿದು 1986ರ ಏಪ್ರಿಲ್ 26ರ ನಡುರಾತ್ರಿಗೆ ಬರುತ್ತದೆ. ಮುಖ್ಯ ಪಾತ್ರದ ಗತಿ ಹೀಗೆ ಮೊದಲೇ ತಿಳಿದುಬಿಟ್ಟರೆ ಮುಂದೆ ಕುತೂಹಲಕ್ಕೆ ಏನು ಉಳಿಯುತ್ತದೆ? ಎರಡನೆಯದಾಗಿ, ಸ್ಫೋಟ ಏಕೆ ಆಯಿತು ಎಂಬುದನ್ನು ಹೇಳದೆಯೇ ನಮ್ಮನ್ನು ಧೂಳು ತುಂಬಿದ ನಿಯಂತ್ರಣ ಕೊಠಡಿಯೊಳಗೆ ತಂದು ನಿಲ್ಲಿಸುತ್ತಾರೆ. ಯಾರು ಯಾರೆಂದು ಗೊತ್ತಾಗುವಷ್ಟರಲ್ಲಿ ಅರ್ಧ ಕಂತು ಕಳೆದಿರುತ್ತದೆ. ಇದು ಬರವಣಿಗೆಯ ದೋಷವೇ? ಮುಂದಿನ ಕಂತುಗಳನ್ನು ನೋಡಿದವರಿದ್ದರೆ ದಯವಿಟ್ಟು ಅಲ್ಲಿನ ಸಂಗತಿಗಳನ್ನು ಇಲ್ಲಿ ಬರೆಯಬೇಡಿ.

ಚಿತ್ರರಸಿಕ:

ದೋಷವೆಂದು ನನಗೆ ಅನ್ನಿಸಲಿಲ್ಲ. ಸ್ಥಾವರ ಸ್ಫೋಟಗೊಂಡಿತೆಂಬುದು ಧಾರಾವಾಹಿಯ ಹೆಸರು ಕೇಳಿದವರಿಗೆಲ್ಲ ಗೊತ್ತಿರುವುದರಿಂದ ಬರಹಗಾರ ಕ್ರೇಗ್ ಮೇಜಿನ್ ಅದನ್ನು ಗುಟ್ಟಾಗಿ ಇಡಲು ಹೋಗಿಲ್ಲ. ಈ ಕಂತಿನ ನಿಜವಾದ ವಸ್ತು ಸ್ಫೋಟವಲ್ಲ, ಕಣ್ಣೆದುರಿಗೆ ಇರುವುದನ್ನು ನಂಬಲು ಒಪ್ಪದ ಅಧಿಕಾರಿಗಳ ಹಟ.

ಸ್ಫೋಟವನ್ನು ತೋರಿಸಿರುವ ಬಗೆಯನ್ನೇ ಗಮನಿಸಿ. ಪ್ರಿಪ್ಯಾಟ್ ಊರಿನ ಮನೆಯೊಂದರ ಅಡುಗೆಕೋಣೆಯಲ್ಲಿ ಅಗ್ನಿಶಾಮಕ ಸಿಬ್ಬಂದಿಯೊಬ್ಬನ ಹೆಂಡತಿ ಲ್ಯುಡ್ಮಿಲಾ ಇದ್ದಾಳೆ. ಅವಳ ಹಿಂದಿನ ಕಿಟಕಿಯಲ್ಲಿ ದೂರದ ಬೆಳಕೊಂದು ಸದ್ದಿಲ್ಲದೆ ಹೊಳೆಯುತ್ತದೆ. ಅವಳು ಅದನ್ನು ನೋಡುವುದೇ ಇಲ್ಲ. ಕೆಲವು ಕ್ಷಣಗಳ ನಂತರ ಅಲೆ ಬಂದು ಬಡಿದು ಮನೆ ನಡುಗುತ್ತದೆ. ಬೇರೆ ಯಾರಾದರೂ ಹಣ ಸುರಿದು ಬೆಂಕಿಯ ಉಂಡೆಗಳನ್ನು ತೋರಿಸುತ್ತಿದ್ದರು.

ನಿಯಂತ್ರಣ ಕೊಠಡಿಯ ಗೊಂದಲವೂ ಬೇಕೆಂದೇ ಉಳಿಸಿಕೊಂಡದ್ದು. ಏನಾಯಿತೆಂಬುದು ಅಲ್ಲಿ ಕೆಲಸದಲ್ಲಿದ್ದ ಅಕಿಮೋವ್ ಮತ್ತು ಟೊಪ್ಟುನೋವ್ ಅವರಿಗೂ ತಿಳಿದಿಲ್ಲ, ತಾವು ಮಾಡಬೇಕಾದುದನ್ನೆಲ್ಲ ಮಾಡಿದ್ದೇವೆಂದೇ ಅವರು ಹೇಳುತ್ತಿರುತ್ತಾರೆ. ಅವರಿಗಿಂತ ಮೊದಲು ನಮಗೆ ತಿಳಿಸಿದ್ದರೆ ನಾವು ಅವರನ್ನು ಮೇಲಿನಿಂದ ನೋಡುತ್ತಿದ್ದೆವು. ಇನ್ನು ಲೆಗಾಸೋವ್ ಸಾವಿನ ವಿಷಯ: ಆ ಮನುಷ್ಯನಿಗೆ ಏನಾಗುತ್ತದೆ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು ನಿಜ, ಆದರೆ ಒಬ್ಬ ದೊಡ್ಡ ವಿಜ್ಞಾನಿ ತನ್ನ ಮಾತನ್ನು ಕಳ್ಳಮಾಲಿನಂತೆ ಏಕೆ ಬಚ್ಚಿಡಬೇಕಾಯಿತು ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ.

ಕಾಳಿತೀರ:

ಮೇಲಿನವರು ಹೇಳಿದ ಹಟಕ್ಕೆ ತಾಂತ್ರಿಕವಾದ ಒಂದು ಹಿನ್ನೆಲೆಯಿದೆ. ಅದು ತಿಳಿದಿದ್ದರೆ ಕೆಲವು ದೃಶ್ಯಗಳು ಇನ್ನಷ್ಟು ತಟ್ಟುತ್ತವೆ. ಚೆರ್ನೋಬಿಲ್‌ನ ಆರ್‌ಬಿಎಂಕೆ ಮಾದರಿಯ ರಿಯಾಕ್ಟರ್‌ನಲ್ಲಿ ನ್ಯೂಟ್ರಾನ್‌ಗಳ ವೇಗ ತಗ್ಗಿಸುವ ಮಂದಕವಾಗಿ ಗ್ರಾಫೈಟ್ ಬಳಸಿದ್ದರು. ಅದು ಇರುವುದು ರಿಯಾಕ್ಟರ್‌ನ ಒಡಲಿನಲ್ಲಿ ಮಾತ್ರ. ಹಾಗಾಗಿ ಗ್ರಾಫೈಟ್ ತುಂಡು ಹೊರಗಡೆ ನೆಲದ ಮೇಲೆ ಬಿದ್ದಿದೆಯೆಂದರೆ ಒಡಲೇ ಬಿರಿದಿದೆ ಎಂದು ಅರ್ಥ, ಬೇರೆ ಸಾಕ್ಷಿ ಬೇಡ. ಆ ರಾತ್ರಿಯ ಕೆಲಸದ ಮೇಲ್ವಿಚಾರಣೆ ನಡೆಸುತ್ತಿದ್ದ ಡ್ಯಾಟ್ಲೋವ್ ಹಜಾರದಲ್ಲಿ ನಡೆಯುವಾಗ ಕಿಟಕಿಯಿಂದ ಆ ತುಂಡುಗಳನ್ನು ನೋಡುತ್ತಾನೆ, ಒಂದು ಗಳಿಗೆ ನಿಲ್ಲುತ್ತಾನೆ, ಮುಂದೆ ನಡೆಯುತ್ತಾನೆ. ಆ ಪಾತ್ರ ಮಾಡಿರುವ ಪಾಲ್ ರಿಟರ್ ಅವರ ಮುಖವನ್ನು ನೋಡಲಿಕ್ಕಾಗಿಯೇ ಆ ದೃಶ್ಯವನ್ನು ಮತ್ತೊಮ್ಮೆ ನೋಡಬಹುದು.

ಅಧಿಕಾರಿಗಳು ಮತ್ತೆ ಮತ್ತೆ ಹೇಳುವ ಗಂಟೆಗೆ 3.6 ರಾಂಟ್ಜನ್ (ವಿಕಿರಣ ಅಳೆಯುವ ಮಾನ) ಎಂಬ ಅಂಕಿಯೂ ಅಂಥದ್ದೇ. ಅದು ಅಲ್ಲಿದ್ದ ವಿಕಿರಣದ ಪ್ರಮಾಣವಲ್ಲ, ಅವರ ಕೈಯಲ್ಲಿದ್ದ ಮಾಪಕ ತೋರಿಸಬಲ್ಲ ಗರಿಷ್ಠ ಅಂಕಿ. ಕಪಾಟಿನಲ್ಲಿ ಬೀಗ ಹಾಕಿಟ್ಟಿದ್ದ ದೊಡ್ಡ ಮಾಪಕವನ್ನು ತಂದು ಚಾಲೂ ಮಾಡಿದ ಕೂಡಲೇ ಅದು ಸುಟ್ಟುಹೋಗುತ್ತದೆ, 200 ರಾಂಟ್ಜನ್ ತನಕ ತೋರಿಸುವ ಇನ್ನೊಂದರ ಮುಳ್ಳು ತುದಿ ಮುಟ್ಟುತ್ತದೆ. ಆಗಲೂ ಮಾಪಕವೇ ಕೆಟ್ಟಿದೆ ಎನ್ನುತ್ತಾರೆ.

ನಮ್ಮ ಕೈಗಾ ನೆನಪಾಗಿ ಹೆದರಿದವರಿಗಾಗಿ ಒಂದು ಮಾತು: ಅಲ್ಲಿ ಮಂದಕವಾಗಿ ಬಳಸುವುದು ಭಾರಜಲವನ್ನು, ಗ್ರಾಫೈಟನ್ನಲ್ಲ. ಜೊತೆಗೆ ಚೆರ್ನೋಬಿಲ್‌ನಲ್ಲಿ ಇಲ್ಲದಿದ್ದ ಭದ್ರವಾದ ಕಾಂಕ್ರೀಟ್ ಹೊರಕವಚವೂ ಅಲ್ಲಿದೆ.

ಹಳೆಯ ವೀಕ್ಷಕ:

ಎಲ್ಲರೂ ಹೊಗಳುತ್ತಿರುವುದರಿಂದ ತಕರಾರು ಹೇಳುವ ಕೆಲಸ ನನಗಿರಲಿ. ನೆಲಮಾಳಿಗೆಯ ಸಭೆಯಲ್ಲಿ ಒಬ್ಬ ವೃದ್ಧರು ಎದ್ದು ನಿಂತು, ಊರಿನಿಂದ ಯಾರೂ ಹೊರಗೆ ಹೋಗದಂತೆ ತಡೆದು ದೂರವಾಣಿ ತಂತಿಗಳನ್ನು ಕತ್ತರಿಸಬೇಕೆಂದು ಭಾಷಣ ಮಾಡುತ್ತಾರಲ್ಲ, ಅದು ಕಲ್ಪಿತ ಪಾತ್ರ. ಭಾಷಣ ಚೆನ್ನಾಗಿದೆ, ಆದರೆ ವಿಪರೀತ ಚೆನ್ನಾಗಿದೆ. ಅದುವರೆಗೆ ಹಿಂಜರಿಕೆ, ಸುಳ್ಳು, ಅರ್ಧ ಮಾತುಗಳ ಮೂಲಕ ಹೇಳುತ್ತಿದ್ದುದನ್ನೇ ಒಬ್ಬರ ಬಾಯಲ್ಲಿ ಇಡಿಯಾಗಿ ಹೇಳಿಸಿ, ಉಳಿದವರಿಂದ ಚಪ್ಪಾಳೆ ತಟ್ಟಿಸಿದ್ದು ನಾಟಕೀಯವಾಯಿತು. ಸ್ಥಾವರದ ಎಂಜಿನಿಯರ್ ಸಿಟ್ನಿಕೋವ್ ಅವರನ್ನು ಕಾವಲಿನವನ ಜೊತೆ ಛಾವಣಿಗೆ ಕಳಿಸಿ, ಅವರು ಕೆಳಗಿನ ಬಿರಿದ ರಿಯಾಕ್ಟರ್‌ನತ್ತ ಇಣುಕಿ ತಿರುಗಿದಾಗ ಕೆಂಪಾದ ಮುಖವನ್ನಷ್ಟೇ ತೋರಿಸುವ ದೃಶ್ಯದಲ್ಲಿ ಅದೇ ವಿಷಯ ಒಂದೂ ಮಾತಿಲ್ಲದೆ ಬಂದಿದೆ.

ಕೊನೆಯಲ್ಲಿ ಹಕ್ಕಿ ಸತ್ತು ಬೀಳುವುದೂ ಅನಗತ್ಯವೆನ್ನಿಸಿತು. ಮಕ್ಕಳು ಶಾಲೆಗೆ ನಡೆಯುತ್ತಿದ್ದಾರೆ, ದೂರದಲ್ಲಿ ಹೊಗೆ ಏಳುತ್ತಿದೆ. ಅಷ್ಟು ತೋರಿಸಿದ ಮೇಲೂ ಪ್ರೇಕ್ಷಕರಿಗೆ ಅರ್ಥವಾಗಿರಲಿಕ್ಕಿಲ್ಲ ಎಂಬ ಅನುಮಾನ ನಿರ್ದೇಶಕ ಯೊಹಾನ್ ರೆಂಕ್ ಅವರಿಗೆ ಏಕೆ ಬಂತೋ ತಿಳಿಯದು.