ಡಾಕ್ಸಿಜನ್‌: ಎನಮ್ ಕಾಮೆಂಟ್‌ಗಳು ಒಂದು ಸಾಲು ಕೆಳಕ್ಕೆ ಜಾರುತ್ತಿವೆ

ಹೆಡರ್‌ಪ್ರಿಯ:
ಸಿ ಹೆಡರ್ ಒಂದರಲ್ಲಿ ಮಾಡ್‌ಬಸ್ (ಕೈಗಾರಿಕಾ ಸಾಧನಗಳ ಸಂವಹನ ಪ್ರೋಟೋಕಾಲ್) ಎಕ್ಸೆಪ್ಶನ್ ಕೋಡ್‌ಗಳ, ಅಂದರೆ ಸಾಧನ ಕಳಿಸುವ ದೋಷ ಸಂಖ್ಯೆಗಳ, ಎನಮ್ (ಹೆಸರಿಟ್ಟ ಅಂಕಿಗಳ ಪಟ್ಟಿ) ಇದೆ (ಇಲ್ಲಿ ಓದಲು ಸುಲಭವಾಗಲೆಂದು ಕನ್ನಡ ಅಕ್ಷರದಲ್ಲಿ ಹಾಕಿದ್ದೇನೆ):

ಎನಮ್ ಎಂಬಿ_ಎಕ್ಸೆಪ್ಶನ್ {
  ಎಂಬಿ_ಫಂಕ್ಷನ್ = 1, /// ಈ ಫಂಕ್ಷನ್ ಕೋಡ್ ಸಾಧನಕ್ಕೆ ಗೊತ್ತಿಲ್ಲ
  ಎಂಬಿ_ಅಡ್ರೆಸ್, /// ರಿಜಿಸ್ಟರ್ ಇಲ್ಲ
  ಎಂಬಿ_ವ್ಯಾಲ್ಯೂ /// ಮೌಲ್ಯ ಸರಿಯಿಲ್ಲ
};

ಕೋಡ್‌ನ ಕಾಮೆಂಟ್‌ಗಳಿಂದ ಡಾಕ್ಸಿಜನ್ ತಯಾರಿಸುವ ಎಚ್‌ಟಿಎಂಎಲ್ ದಾಖಲೆಯಲ್ಲಿ ಮೊದಲನೆಯದರ ಮುಂದೆ ಖಾಲಿ, ಅದರ ವಿವರಣೆ ಎರಡನೆಯದಕ್ಕೆ ಬಂದಿದೆ. ಇನ್ನೊಂದು ಹೆಡರ್‌ನ ಎನಮ್ ಅಂತೂ ಕಾಣಿಸುವುದೇ ಇಲ್ಲ. ಎಕ್ಸ್‌ಟ್ರಾಕ್ಟ್_ಆಲ್ (ವಿವರಣೆ ಇಲ್ಲದ್ದನ್ನೂ ತೋರಿಸುವ ಆಯ್ಕೆ) ಯೆಸ್ ಮಾಡಿದರೆ ಬರುತ್ತದೆ. ಹಾಗೇ ಬಿಡಬಹುದೇ?

ಸೆಮಿಕೋಲನ್:
ಮೂರು ಸ್ಲ್ಯಾಶ್ ಮಾತ್ರ ಇದ್ದರೆ ಡಾಕ್ಸಿಜನ್ ಅದನ್ನು ಮುಂದೆ ಬರುವ ಹೆಸರಿಗೆ ಅಂಟಿಸುತ್ತದೆ, ಒಂದೇ ಸಾಲಿನಲ್ಲಿದ್ದರೂ ಸರಿ. ಹಿಂದಿನದಕ್ಕೆ ಸೇರಬೇಕಾದರೆ ///< ಬರೆಯಿರಿ, ಇಲ್ಲವೇ /**< ... */. ಕೊನೆಯ ಕಾನ್ಸ್ಟಂಟ್ ನಂತರ ಬೇರೆ ಕಾನ್ಸ್ಟಂಟ್ ಇಲ್ಲದ್ದರಿಂದ ಆ ಕಾಮೆಂಟ್ ಸೇರಬೇಕಾದಲ್ಲಿಗೆ ಸೇರುವುದೇ ಇಲ್ಲ.

ವಿವರಣೆ ಎರಡನೇ ಸಾಲಿಗೆ ಹೋದರೆ ಆ ಸಾಲಿನ ಶುರುವಿಗೂ ///< ಬೇಕು. ಎರಡು ಸಾಲಿಗಿಂತ ಉದ್ದವಾದರೆ ಕಾನ್ಸ್ಟಂಟ್‌ನ ಮೇಲೆಯೇ /** ... */ ಹಾಕುವುದು ಮೇಲು. ಆದರೆ ಒಂದೇ ಎನಮ್‌ನಲ್ಲಿ ಎರಡೂ ಬಗೆ ಬೆರೆಸಬೇಡಿ, ಓದುವವರು ಯಾವುದು ಯಾವುದಕ್ಕೆಂದು ತಡಕಾಡಬೇಕಾಗುತ್ತದೆ.

ಬಿಲ್ಡ್‌ಮೇಳ:
ಕಾಣಿಸದ ಎನಮ್ ಯಾವ ಕ್ಲಾಸ್‌ನೊಳಗೂ ಇಲ್ಲ, ಗ್ಲೋಬಲ್. ಅದು ಬರಬೇಕಾದರೆ ಫೈಲ್‌ಗೇ ಡಾಕ್ಯುಮೆಂಟೇಶನ್ ಇರಬೇಕು: ಹೆಡರ್‌ನ ತಲೆಯಲ್ಲಿ ಫೈಲ್ ಕಮಾಂಡ್ ಇರುವ ಒಂದು ಬ್ಲಾಕ್ ಸಾಕು. ಜೊತೆಗೆ ಎನಮ್‌ನ ಮೇಲೂ ಒಂದು ಸಾಲು ಬರೆಯಿರಿ.

ಎಕ್ಸ್‌ಟ್ರಾಕ್ಟ್_ಆಲ್ ಅನ್ನು ಯೆಸ್ ಆಗಿಯೇ ಬಿಡಬೇಡಿ. ಅದು ಯೆಸ್ ಆದರೆ "ಇದಕ್ಕೆ ವಿವರಣೆ ಇಲ್ಲ" ಎಂಬ ಎಚ್ಚರಿಕೆಗಳು ತಾವಾಗಿಯೇ ಬಂದ್ ಆಗುತ್ತವೆ. ನೋ ಮಾಡಿ, ವಾರ್ನ್_ಇಫ್_ಅನ್‌ಡಾಕ್_ಎನಮ್_ವ್ಯಾಲ್ ಯೆಸ್ ಮಾಡಿ (ಡೀಫಾಲ್ಟ್ ನೋ, ಹಳೇ ಆವೃತ್ತಿಗಳಲ್ಲಿ ಈ ಆಯ್ಕೆ ಇಲ್ಲ). ಸಿಐನಲ್ಲಿ (ಕೋಡ್ ಬದಲಾದಾಗ ತಾನಾಗಿ ಓಡುವ ಬಿಲ್ಡ್‌ನಲ್ಲಿ) ವಾರ್ನ್_ಆ್ಯಸ್_ಎರರ್‌ಗೆ ಫೇಲ್_ಆನ್_ವಾರ್ನಿಂಗ್ಸ್ ಕೊಟ್ಟರೆ ಎಲ್ಲ ಎಚ್ಚರಿಕೆಗಳನ್ನೂ ತೋರಿಸಿದ ಮೇಲೆ ಬಿಲ್ಡ್ ಬೀಳುತ್ತದೆ. ಬರೀ ಯೆಸ್ ಕೊಟ್ಟರೆ ಮೊದಲನೆಯದಕ್ಕೇ ನಿಂತುಬಿಡುತ್ತದೆ.

ರಿಜಿಸ್ಟರ್40001:
ಗುರುತು ಸರಿಪಡಿಸಿದರೂ ನಿಮ್ಮ ಕಾಮೆಂಟ್‌ಗಳೇ ದಾರಿ ತಪ್ಪಿಸುತ್ತವೆ. ಕೋಡ್ 2 ಬರೀ "ರಿಜಿಸ್ಟರ್ ಇಲ್ಲ" ಅಲ್ಲ, ಶುರುವಿನ ಅಡ್ರೆಸ್ ಮತ್ತು ಸಂಖ್ಯೆ ಸೇರಿ ಮಿತಿ ಮೀರಿದರೂ ಬರುತ್ತದೆ. 0ಯಿಂದ 99ರವರೆಗೆ ರಿಜಿಸ್ಟರ್ ಇರುವ ಸಾಧನಕ್ಕೆ 96ರಿಂದ 4 ಕೇಳಿದರೆ ಸರಿ, 5 ಕೇಳಿದರೆ ಕೋಡ್ 2. ಕೋಡ್ 3 ಇನ್ನೂ ಮೋಸ: ವಿನಂತಿಯ ರಚನೆಯಲ್ಲಿ, ಉದಾಹರಣೆಗೆ ಉದ್ದದಲ್ಲಿ, ದೋಷವಿದೆ ಎಂದರ್ಥ. ರಿಜಿಸ್ಟರ್‌ಗೆ ಬರೆದ ಸಂಖ್ಯೆ ನಿಮ್ಮ ಅಪ್ಲಿಕೇಶನ್‌ಗೆ ಒಗ್ಗದು ಎಂದಲ್ಲ ಅಂತ ಸ್ಪೆಸಿಫಿಕೇಶನ್ನೇ ಬಿಡಿಸಿ ಹೇಳಿದೆ. ಕಾಮೆಂಟ್ ಹೇಳಬೇಕಾದ್ದು ಇದನ್ನೇ: ಯಾವಾಗ ಬರುತ್ತದೆ, ಬಂದರೆ ಕರೆದವರು ಏನು ಮಾಡಬೇಕು. ಹೆಸರನ್ನೇ ಬಿಡಿಸಿ ಬರೆದರೆ ಯಾರಿಗೆ ಲಾಭ?

ಇನ್ನೊಂದು, ಪ್ರತಿ ಕಾನ್ಸ್ಟಂಟ್‌ಗೂ ಅಂಕಿ ಬರೆಯಿರಿ. ಕಂಪೈಲರ್ ಎಣಿಸಿಕೊಂಡ ಅಂಕಿಯನ್ನು ಡಾಕ್ಸಿಜನ್ ತೋರಿಸುವುದಿಲ್ಲ, ನೀವು ಬರೆದದ್ದನ್ನು ಮಾತ್ರ ತೋರಿಸುತ್ತದೆ. ಅಲ್ಲದೆ ಈಗಿನ ಪಟ್ಟಿಯಲ್ಲಿ 6ರ ನಂತರ 8. ಸುಮ್ಮನೆ ಸಾಲಾಗಿ ಬರೆದರೆ ಮೆಮೊರಿ ಪ್ಯಾರಿಟಿ ದೋಷಕ್ಕೆ 7 ಬಂದು ಕೂರುತ್ತದೆ.

ಹೆಡರ್‌ಪ್ರಿಯ:
ಥ್ಯಾಂಕ್ಸ್, ಮೂರೂ ಸರಿಹೋಯಿತು. ಇದೇ ಪಟ್ಟಿಯನ್ನು ಎಕ್ಸ್ ಮ್ಯಾಕ್ರೋ (ಒಂದೇ ಪಟ್ಟಿಯಿಂದ ಹಲವು ಕೋಡ್ ತುಣುಕು ಹುಟ್ಟಿಸುವ ಮ್ಯಾಕ್ರೋ) ಮಾಡಿದರೆ ///< ನಡೆಯುತ್ತದೆಯೇ?

ಸೆಮಿಕೋಲನ್:
ಇಲ್ಲ. ಮ್ಯಾಕ್ರೋದ ಸಾಲುಗಳನ್ನು ಜೋಡಿಸಲು ತುದಿಯಲ್ಲಿ ಹಾಕುವ ಬ್ಯಾಕ್‌ಸ್ಲ್ಯಾಶ್ ಮುಂದಿನ ಸಾಲನ್ನೂ ಕಾಮೆಂಟ್‌ನೊಳಕ್ಕೆ ಎಳೆದುಕೊಳ್ಳುತ್ತದೆ, ಉಳಿದ ಕಾನ್ಸ್ಟಂಟ್‌ಗಳೆಲ್ಲ ಮಾಯ. ಪಟ್ಟಿಯಿಂದ ಹೆಡರನ್ನು ಸ್ಕ್ರಿಪ್ಟ್‌ನಲ್ಲಿ ಹುಟ್ಟಿಸಿ, ಆ ಹೆಡರನ್ನೇ ಡಾಕ್ಸಿಜನ್‌ಗೆ ಕೊಡಿ. ಮ್ಯಾಕ್ರೋನೇ ಬೇಕೆಂದರೆ /**< ... */ ಬಳಸಿ, ಮ್ಯಾಕ್ರೋ_ಎಕ್ಸ್‌ಪ್ಯಾನ್ಶನ್ ಯೆಸ್ ಮಾಡಿ, ಆಮೇಲೆ ಡಾಕ್ಸಿಜನ್‌ಗೆ ಡ್ಯಾಶ್ ಡಿ ಪ್ರೀಪ್ರೊಸೆಸರ್ ಕೊಟ್ಟು ಓಡಿಸಿ ಕಾಮೆಂಟ್ ಉಳಿದಿದೆಯೇ ನೋಡಿಕೊಳ್ಳಿ.